ಸೋಮವಾರದ ಮಾತ್ರೆ: ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ಬದುಕು

(ಹಳೆಯ ವಿದ್ಯಾರ್ಥಿ, ಎಸ್‌ಎಸ್‌ಎಲ್‌ಸಿ 2004, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವ ಸಮಿತಿಯವರು ಫೋನ್ ಮಾಡಿ, ಮಕ್ಕಳಿಗೆ ಉಪಯೋಗವಾಗುವಂಥ ಒಬ್ಬ ಮಹನೀಯರ ಪರಿಚಯ ಲೇಖನ ಬರೆದುಕೊಡಬೇಕೆಂದು ಕೇಳಿದರು. ನಾನು ಕಂಪ್ಯೂಟರ್ ಕ್ಷೇತ್ರದ ಯಾರಾದರೂ ದೊಡ್ಡವರನ್ನು ಆರಿಸಿಕೊಳ್ಳುತ್ತೇನೆಂದು ಅವರು ಅಂದುಕೊಂಡಿದ್ದರೆಂದು ಕಾಣುತ್ತದೆ. ಆದರೆ ನನಗೆ ನೆನಪಾದದ್ದು ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ, 1948ರಲ್ಲಿ ಅಮೆರಿಕದಲ್ಲಿ ತೀರಿಕೊಂಡ, ತೆಲುಗು ನಾಡಿನ ಒಬ್ಬ ವಿಜ್ಞಾನಿ. ಅವರ ಹೆಸರು ನನಗೆ ಗೊತ್ತಾದದ್ದು ಶಾಲೆಯಲ್ಲೂ ಅಲ್ಲ, ಕಾಲೇಜಿನಲ್ಲೂ ಅಲ್ಲ. ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ.

ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮಮ್ಮನಿಗೆ ಕೈಬೆರಳುಗಳ ಗೆಣ್ಣು ಊದಿಕೊಳ್ಳಲು ಶುರುವಾದಾಗ ಯಾರೂ ಅದನ್ನು ದೊಡ್ಡ ಕಾಯಿಲೆ ಎಂದುಕೊಳ್ಳಲಿಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ಜಿಲ್ಲೆಗೆ ಬಂದು ಹೋದ ಮೇಲೆ ಊರಲ್ಲಿ ಕೀಲುನೋವಿಲ್ಲದ ಮನೆಯೇ ಇರಲಿಲ್ಲವಲ್ಲ, ಇದೂ ಅದರದೇ ಉಳಿಕೆ ಎಂದುಕೊಂಡೆವು. ಹೊಸದುರ್ಗದಲ್ಲಿ ಇಂಜೆಕ್ಷನ್ ಆಯಿತು. ಹೊಳಲ್ಕೆರೆ ಕಡೆಯ ನೆಂಟರು ಹೇಳಿದ ಎಲೆಮದ್ದು ಕಟ್ಟಿದ್ದಾಯಿತು. ಹಿರಿಯೂರಿನ ಅಕ್ಕನ ಮನೆಯಲ್ಲಿ ಹದಿನೈದು ದಿನ ಇದ್ದು ಎಣ್ಣೆ ತಿಕ್ಕಿಸಿಕೊಂಡದ್ದೂ ಆಯಿತು. ಬೆಳಿಗ್ಗೆ ಎದ್ದು ಒಂದು ಗಂಟೆ ಮುಷ್ಟಿ ಮುಚ್ಚಲು ಬರುತ್ತಿರಲಿಲ್ಲ. ಮುದ್ದೆ ಕೋಲು ಹಿಡಿದು ತಿರುವುವುದಕ್ಕೆ ಆಗದೆ ಅಪ್ಪನನ್ನು ಒಲೆ ಮುಂದೆ ಕೂರಿಸಿದ ದಿನ ಅಮ್ಮ ಅತ್ತಳು. ಆಮೇಲೆ ಚಿತ್ರದುರ್ಗದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಇದು ರುಮಟಾಯ್ಡ್ ಸಂಧಿವಾತ ಎಂದು ತಿಳಿಯಿತು. ವಯಸ್ಸಾಗಿ ಮಂಡಿ ಸವೆಯುವ ನೋವು ಇದಲ್ಲ. ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ಕಾವಲು ಪಡೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಹೆಂಗಸರಲ್ಲಿ ಹೆಚ್ಚು. ಬಿಟ್ಟರೆ ಬೆರಳುಗಳು ಸೊಟ್ಟಗಾಗುತ್ತವೆ.

ಡಾಕ್ಟರು ಎರಡು ಮಾತ್ರೆ ಬರೆದುಕೊಟ್ಟರು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ಉಳಿದ ಆರು ದಿನ ಫೋಲಿಕ್ ಆಮ್ಲ. ಎರಡೂ ಸಣ್ಣವು, ಎರಡೂ ಹಳದಿ. ಚೀಟಿ ಇಂಗ್ಲಿಷಿನಲ್ಲಿತ್ತು. ಅಮ್ಮ ಅದಲು ಬದಲು ಮಾಡಿಕೊಂಡಳು. ಆರು ದಿನದ್ದನ್ನು ಒಂದು ದಿನ, ಒಂದು ದಿನದ್ದನ್ನು ಆರು ದಿನ. ಎರಡನೇ ವಾರಕ್ಕೆ ಬಾಯಿ ತುಂಬ ಹುಣ್ಣು, ಅನ್ನವೂ ಇಳಿಯದು, ಜ್ವರ. ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ರಕ್ತದ ಬಿಳಿ ಕಣಗಳು ನೆಲ ಕಚ್ಚಿದ್ದವು. ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವ ನಾನು, ಅಮ್ಮ ವಾಟ್ಸಾಪಿನಲ್ಲಿ ಕಳಿಸಿದ್ದ ಆ ಚೀಟಿಯನ್ನು ತೆರೆದೂ ನೋಡಿರಲಿಲ್ಲ. ಫೋಲಿನಿಕ್ ಆಮ್ಲ ಎಂಬ ಇಂಜೆಕ್ಷನ್ ಕೊಟ್ಟು ಅಮ್ಮನನ್ನು ಉಳಿಸಿದರು. ವಿಷವಾದದ್ದು ಏನು, ಅದನ್ನು ಇಳಿಸಿದ್ದು ಏನು ಎಂದು ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಹುಡುಕಿದೆ. ಮೆಥೊಟ್ರೆಕ್ಸೇಟಿನ ಬೇರು ಹಿಡಿದು ಹೋದರೂ, ಫೋಲಿಕ್ ಆಮ್ಲದ ಬೇರು ಹಿಡಿದು ಹೋದರೂ ಒಂದೇ ಪ್ರಯೋಗಶಾಲೆ, ಒಬ್ಬನೇ ಮನುಷ್ಯನ ಹೆಸರು ಸಿಕ್ಕಿತು.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಇಂದಿನ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಭೀಮವರಂನಲ್ಲಿ. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದವರು, ಆರೋಗ್ಯ ಕೆಟ್ಟು ಬೇಗ ಕೆಲಸ ಬಿಟ್ಟರು. ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ಹುಡುಗನಿಗೆ ಓದಿನ ಮೇಲೆ ಮನಸ್ಸಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿ, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿದರೆ ಚೆನ್ನಾಗಿ ದುಡ್ಡಾಗುತ್ತದೆಂದು ಲೆಕ್ಕ ಹಾಕಿ ಮನೆ ಬಿಟ್ಟು ಓಡಿದ. ತಾಯಿ ಹಿಡಿದು ತರಿಸಿ ಮತ್ತೆ ಶಾಲೆಗೆ ನೂಕಿದಳು. ರಾಜಮಹೇಂದ್ರಿಯಲ್ಲಿ ಓದುವಾಗ ಮನೆಯಲ್ಲಿ ಒಂದರ ಹಿಂದೊಂದು ಸಾವು. ಕೊನೆಗೆ ಮೂರನೆಯ ಪ್ರಯತ್ನದಲ್ಲಿ, ಮದರಾಸಿನ ಹಿಂದೂ ಹೈಸ್ಕೂಲಿನಿಂದ ಮೆಟ್ರಿಕ್ ದಾಟಿದ್ದು. ಈ ಸಂಚಿಕೆಯ ಕೊನೆಯಲ್ಲಿ ಪ್ರತಿ ವರ್ಷ ಹೆಚ್ಚು ಅಂಕ ಪಡೆದವರ ಪಟ್ಟಿ ಇರುತ್ತದೆಂದು ಕೇಳಿದೆ. ಸುಬ್ಬರಾವ್ ನಮ್ಮ ಶಾಲೆಯಲ್ಲಿ ಓದಿದ್ದರೆ ಆ ಪಟ್ಟಿಯಲ್ಲಿ ಖಂಡಿತ ಸಿಗುತ್ತಿರಲಿಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಮುಗಿಸಿದ ಮೇಲೆ ಅವರಿಗೆ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಆಸೆ ಹುಟ್ಟಿತ್ತು. ತಾಯಿ ಒಪ್ಪಲಿಲ್ಲ. ಮದರಾಸು ವೈದ್ಯಕೀಯ ಕಾಲೇಜಿಗೆ ಸೇರಿದರು. ಫೀಸಿಗೆ ಸ್ನೇಹಿತರು ಆಸರೆಯಾದರು, ಆಮೇಲೆ ಕಸ್ತೂರಿ ಸೂರ್ಯನಾರಾಯಣಮೂರ್ತಿ ಎಂಬವರು ಕೈಹಿಡಿದರು. 1919ರಲ್ಲಿ ಅವರ ಮಗಳು ಶೇಷಗಿರಿಯನ್ನೇ ಸುಬ್ಬರಾವ್ ಮದುವೆಯಾದರು. ಅದು ಗಾಂಧೀಜಿಯವರ ಕರೆಯ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಗೂ ಖಾದಿಯ ನಿಲುವಂಗಿ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಇಂಗ್ಲಿಷ್ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್‌ಗೆ ಅದು ಹಿಡಿಸಲಿಲ್ಲ. ಲಿಖಿತ ಪರೀಕ್ಷೆ ಚೆನ್ನಾಗಿ ಬರೆದಿದ್ದರೂ ಎಂಬಿಬಿಎಸ್ ಪದವಿ ಕೊಡದೆ, ಅದಕ್ಕಿಂತ ಕೆಳದರ್ಜೆಯ ಎಲ್‌ಎಂಎಸ್ ಪ್ರಮಾಣಪತ್ರ ಕೊಟ್ಟು ಕಳಿಸಿದರು. ಸರ್ಕಾರಿ ವೈದ್ಯ ಸೇವೆಗೆ ಸೇರುವ ಪ್ರಯತ್ನವೂ ಫಲಿಸಲಿಲ್ಲ. ಮದರಾಸಿನಲ್ಲಿ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡುತ್ತ ಕೂತರು.

ಈ ನಡುವೆ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಕಾಯಿಲೆಯ ಹೆಸರು ಉಷ್ಣವಲಯದ ಸ್ಪ್ರೂ. ನಮ್ಮ ಹಿರಿಯರು ಸಂಗ್ರಹಣಿ ಎನ್ನುತ್ತಿದ್ದದ್ದು ಹೆಚ್ಚುಕಡಿಮೆ ಇಂಥದ್ದನ್ನೇ. ತಿಂದದ್ದು ಮೈಗೆ ಹತ್ತದೆ, ಭೇದಿಯಾಗುತ್ತ, ರಕ್ತ ಕಡಿಮೆಯಾಗುತ್ತ ಮನುಷ್ಯ ಕರಗಿಹೋಗುತ್ತಾನೆ. ಆಗ ಅದಕ್ಕೆ ಮದ್ದಿರಲಿಲ್ಲ. ಮನೆಯ ಸಾವುಗಳೇ ಸುಬ್ಬರಾವ್ ಅವರನ್ನು ಸಂಶೋಧನೆಯ ಕಡೆ ತಿರುಗಿಸಿದವು ಎಂದು ಅವರ ಜೀವನ ಬರೆದವರು ಹೇಳುತ್ತಾರೆ.

ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯ ನೆರವು, ಮಾವನವರ ಹಣ ಕೂಡಿಸಿಕೊಂಡು ಹಡಗು ಹತ್ತಿದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಶಾಸ್ತ್ರ ಕಲಿಯಲು ಬಾಸ್ಟನ್ ನಗರದಲ್ಲಿ ಇಳಿದದ್ದು 1923ರ ಅಕ್ಟೋಬರಿನಲ್ಲಿ. ಕೆಲವೇ ವರ್ಷಗಳಲ್ಲಿ ವಾಪಸು ಬರುವುದಾಗಿ ಹೆಂಡತಿಗೆ ಹೇಳಿ ಹೋಗಿದ್ದರು. ಅವರು ಹೋದ ಮೇಲೆ ಹುಟ್ಟಿದ ಗಂಡುಮಗು ವರ್ಷ ತುಂಬುವ ಮೊದಲೇ ಸೋಂಕು ತಗುಲಿ ಸತ್ತಿತು. ಅಪ್ಪ ಮಗನ ಮುಖ ನೋಡಲಿಲ್ಲ. ಹೆಂಡತಿಯ ಮುಖವನ್ನೂ ಮತ್ತೆ ನೋಡಲಿಲ್ಲ. ಎಷ್ಟೇ ದೊಡ್ಡವರ ಬದುಕಾದರೂ ಈ ಜಾಗದಲ್ಲಿ ನನಗೆ ಸುಮ್ಮನೆ ಮುಂದೆ ಓದಲು ಆಗಲಿಲ್ಲ. ಪ್ರಯೋಗಶಾಲೆಯ ಲೆಕ್ಕದಲ್ಲಿ ಶೇಷಗಿರಿಯವರ ಪಾಲು ಎಲ್ಲಿಯೂ ಬರೆದಿಲ್ಲ.

ಅವರ ಪ್ರಮಾಣಪತ್ರಕ್ಕೆ ಅಮೆರಿಕದಲ್ಲಿ ವೈದ್ಯ ವೃತ್ತಿಯ ಮಾನ್ಯತೆ ಸಿಗಲಿಲ್ಲ. ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗಮ್ ಎಂಬ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದರು. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವುದು, ವಾರ್ಡು ಚೊಕ್ಕಟ ಮಾಡುವುದು. ಡಾಕ್ಟರಿಕೆ ಓದಿದವನು! ಆ ಆಸ್ಪತ್ರೆಯ ಹೆಸರನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಹಗಲು ಹಾರ್ವರ್ಡ್‌ನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬವರ ಜೊತೆ ಕೆಲಸ. 1925ರಲ್ಲಿ ಇಬ್ಬರೂ ಸೇರಿ ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ಸರಳ ವಿಧಾನ ಕೊಟ್ಟರು. ಫಿಸ್ಕ್-ಸುಬ್ಬರಾವ್ ವಿಧಾನ ಎಂದು ಇವತ್ತಿಗೂ ವಿದ್ಯಾರ್ಥಿಗಳು ಕಲಿಯುತ್ತಾರೆ. ಆ ಅಳತೆಗೋಲು ಹಿಡಿದು ಸ್ನಾಯುವಿನೊಳಗೆ ಹುಡುಕಿದಾಗ 1927ರಲ್ಲಿ ಫಾಸ್ಫೊಕ್ರಿಯಾಟಿನ್, 1929ರಲ್ಲಿ ಎಟಿಪಿ ಸಿಕ್ಕವು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಕೂಡ ಎಟಿಪಿಯನ್ನು ಬೇರೆಯಾಗಿ ಕಂಡುಹಿಡಿದಿದ್ದರು. ನಮ್ಮ ಶಾಲೆಯ ಹತ್ತನೇ ತರಗತಿ ಮಕ್ಕಳು ವಿಜ್ಞಾನ ಪುಸ್ತಕದ ಉಸಿರಾಟದ ಪಾಠದಲ್ಲಿ ಓದುವುದು ಇದೇ ಎಟಿಪಿ, ಜೀವಕೋಶದ ಶಕ್ತಿಯ ನಾಣ್ಯ. ಪಾಠದ ಪಕ್ಕದಲ್ಲಿ ಭೀಮವರಂ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಬಹುದು.

1930ರಲ್ಲಿ ಪಿಎಚ್‌ಡಿ ಬಂತು. ಆದರೆ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. ಮತ್ತೊಂದು ಹತ್ತು ವರ್ಷ ಕಾದು, 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಊರಿನ ಲೆಡರ್ಲೆ ಔಷಧ ಕಂಪನಿಯ ಪ್ರಯೋಗಶಾಲೆಗೆ ಹೋದರು. ಮುಂದೆ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಅಲ್ಲಿಂದ ಎಂಟೇ ವರ್ಷ. ಆ ಎಂಟು ವರ್ಷಗಳಲ್ಲಿ ಅವರ ಪ್ರಯೋಗಶಾಲೆಯಿಂದ ಬಂದದ್ದರಲ್ಲಿ ಆನೆಕಾಲು ರೋಗಕ್ಕೆ ಇಂದಿಗೂ ನಮ್ಮ ಸರ್ಕಾರ ಹಂಚುವ ಡಿಇಸಿ ಮಾತ್ರೆ ಇದೆ. ಮಣ್ಣಿನ ಜೀವಿಯಿಂದ ಬೆಂಜಮಿನ್ ಡಗ್ಗರ್ ತೆಗೆದ ಆರಿಯೊಮೈಸಿನ್ ಇದೆ, ಟೆಟ್ರಾಸೈಕ್ಲಿನ್ ಮನೆತನದ ಮೊದಲ ಔಷಧ ಅದು. ನಮ್ಮ ಕಥೆಗೆ ಬೇಕಾದದ್ದು ಮಾತ್ರ ಫೋಲಿಕ್ ಆಮ್ಲ.

ಮುಂಬೈಯ ಗಿರಣಿ ಕೆಲಸದ ಬಸುರಿ ಹೆಂಗಸರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುತ್ತದೆಂದು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1930ರ ಸುಮಾರಿಗೇ ತೋರಿಸಿದ್ದರು. ಯೀಸ್ಟಿನಲ್ಲಿ, ಈಲಿಯಲ್ಲಿ, ಸೊಪ್ಪಿನಲ್ಲಿ ಏನೋ ಇದೆ, ಅದು ಏನೆಂದು ಗೊತ್ತಿಲ್ಲ. ಸುಬ್ಬರಾವ್ ಅವರ ತಂಡ ಅದನ್ನು ಶುದ್ಧವಾಗಿ ಬೇರ್ಪಡಿಸಿ, ಅದರ ರಚನೆ ಬಿಡಿಸಿ, 1945ರಲ್ಲಿ ಪ್ರಯೋಗಶಾಲೆಯಲ್ಲೇ ತಯಾರಿಸಿ ತೋರಿಸಿತು. ಸ್ಪ್ರೂ ಕಾಯಿಲೆಯವರಿಗೆ ಅದನ್ನು ಕೊಟ್ಟು ನೋಡಿದರು. ರಕ್ತ ತುಂಬಿಕೊಂಡಿತು, ಜನ ಎದ್ದು ಕೂತರು. ಸಹೋದರರು ಸತ್ತು ಇಪ್ಪತ್ತು ವರ್ಷಕ್ಕೂ ಮೀರಿತ್ತು. ಇವತ್ತು ನಮ್ಮ ಹೈಸ್ಕೂಲಿನ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಇದೇ ಫೋಲಿಕ್ ಆಮ್ಲ. ಮೇಷ್ಟ್ರು ಆಚೆ ತಿರುಗಿದಾಗ ಕಿಟಕಿಯಿಂದ ಹೊರಗೆ ಎಸೆಯುವ ಮಕ್ಕಳು ಇದನ್ನು ಓದಿದರೆ ಸಾಕು.

ಜೀವಕೋಶ ಒಂದು ಎರಡಾಗಬೇಕಾದರೆ ಫೋಲಿಕ್ ಆಮ್ಲ ಬೇಕು. ರಕ್ತದ ಕ್ಯಾನ್ಸರಿನಲ್ಲಿ ಕೆಟ್ಟ ಕೋಶಗಳು ಮಿತಿಯಿಲ್ಲದೆ ಎರಡೆರಡಾಗುತ್ತವೆ. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿದ್ದ ಸಿಡ್ನಿ ಫಾರ್ಬರ್ ಅವರಿಗೆ ಒಂದು ವಿಷಯ ಗಮನಕ್ಕೆ ಬಂದಿತ್ತು. ಫೋಲಿಕ್ ಆಮ್ಲದ ಜಾತಿಯ ವಸ್ತು ಕೊಟ್ಟರೆ ಈ ಮಕ್ಕಳ ಕಾಯಿಲೆ ಇಳಿಯುವ ಬದಲು ಏರಿದಂತೆ ಕಾಣುತ್ತಿತ್ತು. ಹಾಗಾದರೆ ಅದಕ್ಕೆ ಅಡ್ಡಗಾಲು ಹಾಕುವ ವಸ್ತು ಕೊಟ್ಟರೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ಹಾಗೇ ಕಾಣುವ, ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಬದಲಾವಣೆ ಇರುವ ನಕಲು ವಸ್ತುಗಳನ್ನು ತಯಾರಿಸಿ ಕಳಿಸಿತು. ಬೀಗದೊಳಗೆ ಸಲೀಸಾಗಿ ಹೋಗಿ, ತಿರುಗದೆ ಅಲ್ಲೇ ಸಿಕ್ಕಿಕೊಳ್ಳುವ ಕಳ್ಳ ಕೀಲಿಕೈಯಂತೆ ಇವು. ನಿಜವಾದ ಕೀಲಿಕೈಗೆ ಜಾಗವೇ ಇಲ್ಲ. ಅಮಿನೊಪ್ಟೆರಿನ್ ಎಂಬ ನಕಲನ್ನು ಫಾರ್ಬರ್ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ಕಾಯಿಲೆ ಕೆಲವು ತಿಂಗಳ ಮಟ್ಟಿಗೆ ಹಿಂದೆ ಸರಿಯಿತು. 1948ರ ಜೂನ್‌ನಲ್ಲಿ ಅದು ಪ್ರಕಟವಾಯಿತು. ಮಕ್ಕಳ ರಕ್ತದ ಕ್ಯಾನ್ಸರು ಔಷಧಕ್ಕೆ ಬಗ್ಗಿದ್ದು ಅದೇ ಮೊದಲು. ಇದೇ ಮನೆಯ ಇನ್ನೊಂದು ನಕಲು, ಸ್ವಲ್ಪ ಸೌಮ್ಯವಾದದ್ದು, ಮೆಥೊಟ್ರೆಕ್ಸೇಟ್.

ಆ ಆಗಸ್ಟಿನಲ್ಲಿ ಸುಬ್ಬರಾವ್ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹೃದಯಾಘಾತ. ವಯಸ್ಸು 53. ಕೊನೆಯವರೆಗೂ ಆ ದೇಶದ ಪೌರರಾಗಿರಲಿಲ್ಲ. ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ತೆರೆದದ್ದೇ 1946ರಲ್ಲಿ. ನೊಬೆಲ್ ಬರಲಿಲ್ಲ. ನಮ್ಮ ಅಂಚೆ ಇಲಾಖೆ 1995ರಲ್ಲಿ ನೂರನೇ ವರ್ಷದ ನೆನಪಿಗೆ ಒಂದು ಅಂಚೆಚೀಟಿ ತಂದಿತು.

ಅಮ್ಮನ ಬೆರಳುಗಳಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಆ ಸಂಬಂಧ ಬೆಳೆದದ್ದು ಅವರು ಸತ್ತ ಮೇಲೆ. 1951ರಲ್ಲಿ ರಿಚರ್ಡ್ ಗುಬ್ನರ್ ಎಂಬ ನ್ಯೂಯಾರ್ಕಿನ ವೈದ್ಯರು ಕ್ಯಾನ್ಸರಿಗೆಂದು ಇದ್ದ ಅಮಿನೊಪ್ಟೆರಿನ್ನನ್ನು ಬೆರಳೆಣಿಕೆಯಷ್ಟು ಸಂಧಿವಾತದ ರೋಗಿಗಳ ಮೇಲೆ ಪ್ರಯೋಗಿಸಿದರು. ಕೀಲಿನ ಉರಿಯೂತ ಇಳಿಯಿತು. ಜೊತೆಗೆ ಸೋರಿಯಾಸಿಸ್ ಎಂಬ ಚರ್ಮರೋಗದ ಕಲೆಗಳೂ ಮಾಸಿದವು. ಔಷಧ ನಿಲ್ಲಿಸಿದರೆ ನೋವು ವಾಪಸು. ಇಷ್ಟು ಸ್ಪಷ್ಟವಾದ ಸುಳಿವು ಸಿಕ್ಕಿಯೂ ಮೂವತ್ತು ವರ್ಷ ಅದು ಮೂಲೆಗೆ ಬಿತ್ತು. ಕಾರಣ ಕಾರ್ಟಿಸೋನ್. ಸುಬ್ಬರಾವ್ ಸತ್ತ ಮರುತಿಂಗಳೇ ಫಿಲಿಪ್ ಹೆಂಚ್ ಅವರು ಮೇಯೊ ಕ್ಲಿನಿಕ್ಕಿನಲ್ಲಿ ಒಬ್ಬ ಸಂಧಿವಾತದ ರೋಗಿಗೆ ಅದನ್ನು ಚುಚ್ಚಿದರು. ಹಾಸಿಗೆ ಹಿಡಿದವರು ಕೆಲವೇ ದಿನಗಳಲ್ಲಿ ಎದ್ದು ನಡೆದರು, 1950ರಲ್ಲಿ ನೊಬೆಲ್ ಬಂತು. ಅಂಥ ಪವಾಡದ ಮುಂದೆ ನಿಧಾನಕ್ಕೆ ಕೆಲಸ ಮಾಡುವ ಕ್ಯಾನ್ಸರ್ ಮದ್ದು ಯಾರಿಗೆ ಬೇಕು? ಹೆಚ್ಚು ದಿನ ತೆಗೆದುಕೊಂಡರೆ ಮುಖ ಊದುತ್ತದೆ, ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ ಎಂಬುದು ಆಮೇಲೆ ತಿಳಿಯಿತು. ನಮ್ಮ ಕಡೆ ಇವತ್ತಿಗೂ ಎರಡು ದಿನದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳು ಬಿಕರಿಯಾಗುತ್ತವೆ. ಅವುಗಳಲ್ಲಿ ಎಷ್ಟೋ ಸಲ ಇರುವುದು ಇದರ ಜಾತಿಯ ಸ್ಟೆರಾಯ್ಡೇ.

ಚರ್ಮದ ವೈದ್ಯರು ಮಾತ್ರ ಮೆಥೊಟ್ರೆಕ್ಸೇಟನ್ನು ಕೈಬಿಡಲಿಲ್ಲ. ಸೋರಿಯಾಸಿಸ್‌ಗೆ ಅದನ್ನು ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಡುತ್ತ ಬಂದರು. ಅಮೆರಿಕದ ಸ್ಪೋಕೇನ್ ಎಂಬ ಊರಿನ ರಾಬರ್ಟ್ ಹಾಫ್‌ಮೈಸ್ಟರ್ ಎಂಬ ವೈದ್ಯರು ತಮ್ಮ ಸಂಧಿವಾತದ ರೋಗಿಗಳಿಗೆ ಹಾಗೇ ಕೊಟ್ಟು, ವರ್ಷಗಟ್ಟಲೆ ಲೆಕ್ಕವಿಟ್ಟು, 1983ರಲ್ಲಿ ಪ್ರಕಟಿಸಿದರು. ಆದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದು ಔಷಧವೆಂದು ಗೊತ್ತಿದ್ದಾಗ ಗುಣವಾದದ್ದು ನಂಬಿಕೆಯಿಂದಲೋ ಮದ್ದಿನಿಂದಲೋ ಹೇಳುವುದು ಹೇಗೆ? ಅದಕ್ಕೆ ಮೈಕೇಲ್ ವೈನ್‌ಬ್ಲಾಟ್ ಮತ್ತು ಸಂಗಡಿಗರು ಬೇರೆ ಮದ್ದಿಗೆ ಬಗ್ಗದ 28 ರೋಗಿಗಳನ್ನು ತೆಗೆದುಕೊಂಡರು. 24 ವಾರಗಳ ಪರೀಕ್ಷೆ. ಅರ್ಧ ಜನಕ್ಕೆ ಮೆಥೊಟ್ರೆಕ್ಸೇಟ್, ಅರ್ಧ ಜನಕ್ಕೆ ಹಾಗೇ ಕಾಣುವ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. 12 ವಾರಕ್ಕೆ ಅದಲು ಬದಲು. ಔಷಧ ಸಿಕ್ಕಾಗ ಊತ ಇಳಿಯಿತು, ಹಿಟ್ಟಿನ ಮಾತ್ರೆಗೆ ಬದಲಾದವರಿಗೆ ನೋವು ಮರಳಿತು. 1985ರಲ್ಲಿ ಫಲಿತಾಂಶ ಬಂತು. 1988ರಲ್ಲಿ ಅಮೆರಿಕ ಸರ್ಕಾರ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟನ್ನು ಅಂಗೀಕರಿಸಿತು. ಇಂದು ಲೋಕದಲ್ಲೆಲ್ಲ ಈ ಕಾಯಿಲೆಗೆ ಮೊದಲು ಬರೆಯುವ ಮದ್ದು ಅದೇ. ಹೊಸ ದುಬಾರಿ ಇಂಜೆಕ್ಷನ್‌ಗಳ ಮುಂದೆ ಇದರ ಬೆಲೆ ಏನೂ ಅಲ್ಲ.

ಆ ಪರೀಕ್ಷೆ ನಡೆದ ಬಾಸ್ಟನ್‌ನ ಆಸ್ಪತ್ರೆಯ ಹೆಸರು ಬ್ರಿಗಮ್ ಅಂಡ್ ವಿಮೆನ್ಸ್. ಹಳೆಯ ಪೀಟರ್ ಬೆಂಟ್ ಬ್ರಿಗಮ್ ಮತ್ತು ಇನ್ನೆರಡು ಆಸ್ಪತ್ರೆಗಳು ಸೇರಿ ಆದದ್ದು ಅದು. ಅರವತ್ತು ವರ್ಷದ ಹಿಂದೆ ಒಬ್ಬ ಭಾರತೀಯ ಡಾಕ್ಟರು ರಾತ್ರಿ ಪಾಳಿಯಲ್ಲಿ ಪಾತ್ರೆ ತೊಳೆದ ಆಸ್ಪತ್ರೆಯ ವಾರಸುದಾರ. ಇನ್ನೊಂದು ಸೋಜಿಗವಿದೆ. ವಾರಕ್ಕೊಮ್ಮೆಯ ಸಣ್ಣ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಕೋಶಗಳನ್ನು ಕೊಂದು ಕೆಲಸ ಮಾಡುವುದಲ್ಲ, ಅಡಿನೋಸಿನ್ ಎಂಬ ವಸ್ತುವನ್ನು ಹೆಚ್ಚಿಸಿ ಉರಿಯೂತವನ್ನು ತಣಿಸುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆಗಳಲ್ಲಿ ಒಂದು. ಎಟಿಪಿಯ ಮೊದಲ ಅಕ್ಷರ ಅದೇ ಅಡಿನೋಸಿನ್.

ಊರಿನವರೂ ಓದುವ ಪುಸ್ತಕವಾದ್ದರಿಂದ ಇಷ್ಟು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಈ ಮಾತ್ರೆ ವಾರದಲ್ಲಿ ಒಂದು ದಿನದ್ದು, ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಹೇಳಿದ ದಿನಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು, ಬಸುರಿಯರು ತೆಗೆದುಕೊಳ್ಳಬಾರದು, ಕುಡಿತ ಇರಬಾರದು. ಪಕ್ಕದ ಮನೆಯವರಿಗೆ ನೋವೆಂದು ನಮ್ಮ ಮಾತ್ರೆ ಕೊಡುವಂತಿಲ್ಲ. ಚೀಟಿ ಓದಲು ಬರದಿದ್ದರೆ ಓದುವ ಮಕ್ಕಳ ಕೈಲಿ ಓದಿಸಿ, ಯಾವ ವಾರವೆಂದು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಸಿಡಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಆ ಹಳದಿ ಮಾತ್ರೆಯನ್ನು ಮುಟ್ಟುವುದಿಲ್ಲವೆಂದು ಕೂತಳು. ಎರಡು ತಿಂಗಳಲ್ಲಿ ಬೆರಳು ಮತ್ತೆ ಊದಿದವು. ಡಾಕ್ಟರು ರಕ್ತ ನೋಡಿ ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ಯಾವ ದಿನ ತೆಗೆದುಕೊಳ್ಳುತ್ತೀಯೆಂದು ಕೇಳಿದ್ದಕ್ಕೆ ಅಮ್ಮ ಯೋಚಿಸದೆ ಸೋಮವಾರ ಎಂದಳು. ನಮ್ಮೂರಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತುಗಳನ್ನು ಮಾರಿ ಎಷ್ಟೋ ವರ್ಷವಾದರೂ ಆ ದಿನವನ್ನು ಅಮ್ಮ ಮರೆಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರಗಳಿಗೆಲ್ಲ ಕುಂಕುಮದ ಬೊಟ್ಟು ಇಟ್ಟಿದ್ದಾಳೆ. ಆರು ದಿನದ ಮಾತ್ರೆಯ ಡಬ್ಬಿ ದೇವರ ಗೂಡಿನಲ್ಲಿ, ಸೋಮವಾರದ್ದು ಅಪ್ಪನ ಬೀರುವಿನಲ್ಲಿ ಬೀಗದೊಳಗೆ.

ಸುಬ್ಬರಾವ್ ಅವರ ಕಥೆಯನ್ನು ಅವಳಿಗೆ ಹೇಳಿದೆ. ಎಟಿಪಿ, ಹಾರ್ವರ್ಡ್ ಯಾವುದನ್ನೂ ಅವಳು ಹೆಚ್ಚು ಕೇಳಲಿಲ್ಲ. ಊರಲ್ಲಿ ಬಿಟ್ಟು ಹೋದ ಹೆಂಡತಿ ಗಂಡ ಬರುತ್ತಾನೆಂದು ಎಷ್ಟು ವರ್ಷ ಕಾದಳು, ಸತ್ತ ಸುದ್ದಿಯನ್ನು ಅವಳಿಗೆ ಹೋಗಿ ಹೇಳಿದವರು ಯಾರು ಎಂದು ಮಾತ್ರ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಸೋಮವಾರ ರಾತ್ರಿ ಎಂಟಕ್ಕೆ ನಾನು ಬೆಂಗಳೂರಿನಿಂದ ಫೋನ್ ಮಾಡುತ್ತೇನೆ. ಅಪ್ಪ ಬೀರು ತೆಗೆಯುವ ಸದ್ದು ಕೇಳುತ್ತದೆ. ಕಳೆದ ಯುಗಾದಿಗೆ ಊರಿಗೆ ಹೋದಾಗ ಮುದ್ದೆ ತಿರುವಿದ್ದು ಅಮ್ಮನೇ.